ಡಂಬಳದ ಮುದುಕಿ ನಕ್ಕದ್ದು

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ, ನಾನೂ ನಮ್ಮ ಅತ್ತೆಯೂ ಒಬ್ಬ ತೊಗಲಿನ ಮುದುಕಿಗೆ ಸ್ನಾನ ಮಾಡಿಸಬೇಕೇ ಬೇಡವೇ ಎಂದು ವಾದ ಮಾಡುತ್ತಿದ್ದೆವು.

ಮನೆಯನ್ನೆಲ್ಲ ಸಾರಿಸಿದ್ದಾಗಿತ್ತು. ಹಾಸಿಗೆ ಹೊದಿಕೆ ಒಗೆದು ಒಣಹಾಕಿದ್ದಾಗಿತ್ತು. ಉಪ್ಪಿನಕಾಯಿ ಭರಣಿಯ ಮೇಲೂ ಅತ್ತೆ ಗೋಮೂತ್ರ ಚಿಮುಕಿಸಿದ್ದರು. ಕೊನೆಗೆ ತಂಬಿಗೆ ಹಿಡಿದು ಅಟ್ಟದ ಕೋಣೆಗೆ ಹತ್ತಿದವರು, ಗೋಡೆಗೆ ತೂಗುಹಾಕಿದ್ದ ಮುದುಕಿಯೆದುರು ನಿಂತುಬಿಟ್ಟರು.

"ಇಕಿಗೂ ಸೂತಕ ಹತ್ತೇದ," ಎಂದರು.

ಸೂತಕ ರಕ್ತಸಂಬಂಧಿಗಳಿಗೆ ಮಾತ್ರ, ಇವಳು ಎರವಲು ತಂದ ಗೊಂಬೆ, ನೀರು ತಾಗಿದರೆ ಬಣ್ಣ ಬಿಡುತ್ತದೆ ಎಂದು ನಾನು ಹೇಳಿದೆ.

"ಯುಗಾದಿಯಿಂದ ಈ ಮನ್ಯಾಗ ಇದ್ದಾಳ. ನನ್ನ ಮಗ ನನ್ನ ಜೊತಿಗಿಂತ ಇಕಿ ಜೊತಿ ಹೆಚ್ಚು ಮಾತಾಡ್ಯಾನ. ಹೊರಗಿನಾಕಿ ಹ್ಯಾಂಗ ಆಗ್ತಾಳ?"

ಕೊನೆಗೆ ರಾಜಿಯಾಯಿತು. ತುಳಸಿ ಎಲೆಯ ತುದಿಯಿಂದ ಒಂದೇ ಹನಿ. ಅದು ಸರಿಯಾಗಿ ಮೂಗಿನ ಮೇಲೆ ಬಿತ್ತು. ಮೂಗಿನ ಕೆಂಪು ನಿಧಾನವಾಗಿ ತುಟಿಯ ಕಡೆಗೆ ಇಳಿದು ನಿಂತಿತು. ಮುದುಕಿಗೆ ನೆಗಡಿಯಾದ ಹಾಗೆ ಕಂಡಿತು. ಅತ್ತೆ ಸಮಾಧಾನದಿಂದ ಕೆಳಗಿಳಿದರು.

ನಮ್ಮವರು ಗದಗಿನಲ್ಲಿ ಚಿತ್ರಕಲೆಯ ಮಾಸ್ತರರಾಗಿದ್ದರು. ಊರಿಗೆ ವಾದಿರಾಜ ಮಾಸ್ತರರು. ಸ್ವಾತಂತ್ರ್ಯ ಬಂದ ವರ್ಷ ಹುಬ್ಬಳ್ಳಿಯ ರೈಲ್ವೆ ಸಾಹೇಬನೊಬ್ಬ ದೇಶ ಬಿಟ್ಟು ಹೋಗುವಾಗ ಮನೆಯ ಸಾಮಾನು ಹರಾಜು ಹಾಕಿದ್ದ. ಜನ ಕುರ್ಚಿ, ಕನ್ನಡಿ, ಪಿಂಗಾಣಿ ಬಟ್ಟಲು ತಂದರು. ಇವರು ಕೀಲಿ ಕೊಟ್ಟು ನಡೆಸುವ ಒಂದು ಸಣ್ಣ ಸಿನಿಮಾ ಕ್ಯಾಮೆರಾ ತಂದರು. ಅದರ ಗುಂಡಿ ಒತ್ತಿದರೆ ಒಂದೇ ಒಂದು ಚಿತ್ರ ಬೀಳುವಂತೆ ಮಾಡಬಹುದಿತ್ತು. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಮತ್ತೊಂದು. ಅವನ್ನೆಲ್ಲ ಸೇರಿಸಿ ಓಡಿಸಿದರೆ ಪರದೆಯ ಮೇಲೆ ಗೊಂಬೆ ತಾನೇ ನಡೆಯುತ್ತದೆ, ಬೈಯುತ್ತದೆ, ಬೀಳುತ್ತದೆ. ಗೊಂಬೆ ಒಂದು ಸಲ ಬಾಗಿ ಚೊಂಬು ಎತ್ತಲು ನಮಗೆ ಒಂದು ಸಂಜೆ ಬೇಕಾಗುತ್ತಿತ್ತು. ಸ್ವಾತಂತ್ರ್ಯಕ್ಕೆ ಶುರುವಾದ ಚಿತ್ರ ಕರ್ನಾಟಕ ಒಂದಾಗುವ ಹೊತ್ತಿಗೆ ಮುಗಿಯುವ ಹಂತಕ್ಕೆ ಬಂದಿತ್ತು. ನನ್ನ ಚಿತ್ರಕ್ಕಿಂತ ಸರಕಾರವೇ ಚುರುಕು ಎಂದು ಅವರು ತಾವೇ ಹೇಳಿಕೊಂಡು ತಾವೇ ನಗುತ್ತಿದ್ದರು.

ಕಥೆ ಚಾಲುಕ್ಯರ ಕಾಲದ್ದು. ಡಂಬಳದ ನಕ್ಷತ್ರದಂಥ ಗುಡಿಗೆ ಅಷ್ಟೊಂದು ಮೂಲೆಗಳು ಯಾಕೆ ಎಂಬುದಕ್ಕೆ ಇವರು ಹುಟ್ಟಿಸಿದ ಕಾರಣ. ಶಿಲ್ಪಿಯೊಬ್ಬ ಚೌಕದ ಗುಡಿ ಕಟ್ಟಲು ನೆಲದ ಮೇಲೆ ದಾರ ಬಿಗಿಯುತ್ತಾನೆ. ಅವನ ತಾಯಿಗೆ ಗುಡಿಯ ಮೂಲೆ ತನ್ನ ತವರು ಪುಲಿಗೆರೆಯನ್ನು, ಅಂದರೆ ಈಗಿನ ಲಕ್ಷ್ಮೇಶ್ವರವನ್ನು ನೋಡಬೇಕು. ಹೆಂಡತಿಗೆ ಅದು ತನ್ನ ತವರು ಹಮ್ಮಿಗಿಯನ್ನು ನೋಡಬೇಕು. ಶಿಲ್ಪಿ ಊಟಕ್ಕೆ ಹೋದಾಗಲೆಲ್ಲ ಅತ್ತೆ ದಾರವನ್ನು ಇತ್ತ ಎಳೆಯುತ್ತಾಳೆ, ಸೊಸೆ ಅತ್ತ ಎಳೆಯುತ್ತಾಳೆ. ಅವನು ಕೈ ತೊಳೆದು ಬಂದು ದಾರ ಇದ್ದಲ್ಲಿ ಗೆರೆ ಕೊರೆಯುತ್ತಾನೆ. ಚೌಕದ ಮೇಲೆ ಚೌಕ ತಿರುಗಿ ತಿರುಗಿ ಗುಡಿ ನಕ್ಷತ್ರವಾಗುತ್ತದೆ. ಅರಸ ಬಂದು, ಇದು ಯಾರ ಕೆಲಸ ಎಂದು ಗುಡುಗುತ್ತಾನೆ. ಅತ್ತೆ ಸೊಸೆಯತ್ತ ಬೆರಳು ತೋರಿಸುತ್ತಾಳೆ, ಸೊಸೆ ಅತ್ತೆಯತ್ತ. ಇದನ್ನು ಮಾಡಿದವರಿಗೆ ಒಂದು ಆನೆ ಬಹುಮಾನ ಎಂದು ಅರಸ ಹೇಳುತ್ತಲೂ ಎರಡೂ ಬೆರಳು ಗರಕ್ಕನೆ ತಿರುಗಿ ತಮ್ಮತಮ್ಮ ಎದೆಗೆ ಬರುತ್ತವೆ. ಆಮೇಲೆ ಮುದುಕಿ ನಗುತ್ತಾಳೆ. ಅಲ್ಲಿಗೆ ಮುಗಿಯಿತು.

ನಾನು ಧಾರವಾಡದಲ್ಲಿ ಇತಿಹಾಸ ಓದಿದವಳು. ಮಾತಿಲ್ಲದ ಚಿತ್ರದ ನಡುನಡುವೆ ಬರುವ ಬರಹಗಳನ್ನು ನಾನು ಬರೆಯುತ್ತಿದ್ದೆ. ಚಾಲುಕ್ಯರ ಅಡಿಗೆಮನೆಯಲ್ಲಿ ಮೆಣಸಿನಕಾಯಿ ಇರಲು ಸಾಧ್ಯವಿಲ್ಲ, ಅದು ಪೋರ್ತುಗೀಜರ ಜೊತೆ ಬಂದದ್ದು ಎಂದು ತಕರಾರು ತೆಗೆದಾಗ, ಮೆಣಸಿನಕಾಯಿ ಇಲ್ಲದೆ ಅತ್ತೆ ಸೊಸೆ ಹೇಗೆ ಜಗಳವಾಡಿಯಾರು ಎಂದು ಅವರು ನಿಜವಾಗಿಯೂ ಗಾಬರಿಯಿಂದ ಕೇಳಿದರು. ಮೆಣಸಿನಕಾಯಿ ಸರ ಚಿತ್ರದಲ್ಲಿ ಉಳಿಯಿತು.

ಉಳಿದ ಗೊಂಬೆಗಳೆಲ್ಲ ರಟ್ಟಿನವು. ಮುದುಕಿಯ ಗದ್ದ ಮಾತ್ರ ರಟ್ಟಿನಲ್ಲಿ ನಿಲ್ಲಲಿಲ್ಲ. ಅವಳು ಬೈದದ್ದೇ ಬೈದದ್ದು, ಗದ್ದ ಕಿತ್ತು ಕೈಗೆ ಬರುತ್ತಿತ್ತು. ಅದಕ್ಕೆ ಶಿರಹಟ್ಟಿಯಲ್ಲಿ ಆಟ ಕಟ್ಟಿದ್ದ ತೊಗಲುಗೊಂಬೆಯ ಮೇಳದವರನ್ನು ಕಾಡಿಬೇಡಿ, ದಾರದಲ್ಲಿ ಗದ್ದ ತೂಗುವ ಈ ಮುದುಕಿಯನ್ನು ಎರವಲು ತಂದರು. ಅತ್ತೆ ಬಾಗಿಲಲ್ಲೇ ತಡೆದರು. ತುಳಸಾಬಾಯಿ ಅವರ ಹೆಸರು. ಕೆಂಪು ಸೀರೆ ಉಟ್ಟು, ತಲೆ ಬೋಳಿಸಿ, ಮೂವತ್ತು ವರ್ಷ ಮಡಿಯಲ್ಲಿ ಬದುಕಿದವರು. ಇದು ಜಿಂಕೆಯ ಚರ್ಮ, ಋಷಿಗಳು ಕೂಡುವಂಥದ್ದು ಎಂದು ಇವರು ಆಣೆ ಹಾಕಿದ ಮೇಲೆ ಮುದುಕಿ ಒಳಗೆ ಬಂದಳು. ಆದರೂ ಅತ್ತೆ ಅವಳನ್ನು ಕೈಯಿಂದ ಮುಟ್ಟಲಿಲ್ಲ.

ಚಿತ್ರಕ್ಕೆ ಆ ಕೊನೆಯ ನಗು ಒಂದು ಉಳಿದಿತ್ತು. ಸಣ್ಣ ಜ್ವರವೆಂದು ಮಲಗಿದ ನಮ್ಮವರು ಮತ್ತೆ ಏಳಲಿಲ್ಲ. ಹತ್ತನೆಯ ದಿನ ಬಂಧುಗಳು ನನ್ನ ಕೂದಲಿನ ಮಾತು ಎತ್ತಿದಾಗ ಅತ್ತೆ, ಈ ಮನೆಗೆ ನನ್ನ ಬೋಳುತಲೆ ಒಂದೇ ಸಾಕು ಎಂದು ಹೇಳಿ ಬಾಗಿಲು ಹಾಕಿಕೊಂಡರು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಅದೇ ಬೆಳಿಗ್ಗೆ, ಮುದುಕಿಯ ಮೂಗು ಒಣಗುವ ಮೊದಲೇ, ಗೊಂಬೆ ಮೇಳದ ರಾಮವ್ವ ಬಂದಳು. ಅವಳಿಗೆ ಸುದ್ದಿ ತಿಳಿದಿರಲಿಲ್ಲ. ಮಾಸ್ತರನ್ನು ಕರೀರಿ ಎಂದಳು. ನಾನು ಹೇಳಿದೆ. ಅವಳು ಕಟ್ಟೆಯ ಮೇಲೆ ಕುಳಿತು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಮುದುಕಿಯನ್ನು ತಂದು ತೋರಿಸಿದಾಗ ಕಣ್ಣೊರೆಸಿಕೊಂಡು, "ಇಕಿ ಮೂಗಿಗೆ ಏನಾತ್ರೀ?" ಎಂದಳು.

"ಸೂತಕ," ಎಂದರು ಅತ್ತೆ.

ರಾಮವ್ವ ಅದನ್ನು ಒಪ್ಪಿಕೊಂಡಳು. ನವೆಂಬರ್ ಒಂದಕ್ಕೆ ಕರ್ನಾಟಕ ಒಂದಾಗುತ್ತದಲ್ಲ, ಆ ಸಂಜೆ ಮುಂಡರಗಿಯಲ್ಲಿ ಅವಳ ಮೇಳದ ಆಟ ಇತ್ತು. ಮೊದಲೆಲ್ಲ ಶಿರಹಟ್ಟಿ ಸಾಂಗಲಿ ಸಂಸ್ಥಾನದವರದು, ಲಕ್ಷ್ಮೇಶ್ವರ ಮಿರಜಿನವರದು, ಕೊಪ್ಪಳದ ಕಡೆ ನಡೆದರೆ ನಿಜಾಮನದು, ಹೊಳೆ ದಾಟಿದರೆ ಮದರಾಸಿನವರದು. ಒಂದೊಂದು ಗಡಿಯ ನಾಕೆಯಲ್ಲೂ ಪೊಲೀಸರು ಗೊಂಬೆಯ ಪೆಟ್ಟಿಗೆ ಬಿಚ್ಚಿಸಿ, ರಾವಣನ ಹತ್ತು ತಲೆ ಎಣಿಸಿ, ಇವರೆಲ್ಲ ಎಲ್ಲಿಗೆ ಹೊರಟಿದ್ದಾರೆ ಎಂದು ಕೇಳುತ್ತಿದ್ದರಂತೆ. ಆ ಪೀಡೆ ಪೂರ್ತಿ ತಪ್ಪುವ ಖುಷಿಗೆ ಅವಳು ಅಂದಿನ ಆಟಕ್ಕೆ ಒಪ್ಪಿದ್ದಳು. ಮುದುಕಿ ಇಲ್ಲದೆ ಆಟ ಏಳುವಂತಿರಲಿಲ್ಲ.

"ಮೊದಲ ಅಕಿ ಬಂದು ಬೈಬೇಕ್ರಿ. ಅಕಿ ಬೈದ್ರನ ಜನಾ ಕುಂಡ್ರತಾರ. ಇಲ್ಲಂದ್ರ ರಾಮದೇವ್ರು ಬಂದ್ರೂ ನಿಂತ ಮಾತಾಡತಾರ."

ಒಂದು ನಗು ಬಾಕಿ ಇದೆ, ಅದು ಮುಗಿಯುವ ತನಕ ಬಿಡು ಎಂದು ಕೇಳಿದೆ. ಅವಳು ನನ್ನ ಮುಖವನ್ನೂ ಮುದುಕಿಯ ಮುಖವನ್ನೂ ನೋಡಿ, ಆಟದ ಸಂಜೆ ನೀವೇ ಮುಂಡರಗಿಗೆ ತಂದು ಕೊಡಿ ಎಂದಳು. ಹೋಗುವ ಮುಂಚೆ ಮುದುಕಿ ಹೇಗೆ ನಗುತ್ತಾಳೆ ಎಂದು ಕೋಲು ಹಿಡಿದು ತೋರಿಸಿದಳು. ಮುದುಕಿ ಗಲಗಲ ಕುಲುಕಿದಳು. ಹೆಗಲು, ಹೊಟ್ಟೆ, ಗದ್ದ ಎಲ್ಲ ಒಂದೇ ಏಟಿಗೆ. ನಿಧಾನವಾಗಿ ತೋರಿಸು ಎಂದೆ. ರಾಮವ್ವ ನಿಧಾನವಾಗಿ ಮಾಡಿದಳು. ಮುದುಕಿ ಅತ್ತಳು.

ಮತ್ತೆ ಮಾಡಿದಳು. ಮತ್ತೆ ಅತ್ತಳು. ರಾಮವ್ವ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು. ಜಲ್ದಿ ಮಾಡಿದರೆ ನಗು, ಸಾವಕಾಶ ಮಾಡಿದರೆ ಅಳು, ಇದು ನನಗೂ ಗೊತ್ತಿರಲಿಲ್ಲ ಎಂದು ಹೇಳಿ ಹೊರಟುಹೋದಳು.

ನನ್ನ ತೊಂದರೆ ಅದೇ. ಆಮೆಗಿಂತ ನಿಧಾನವಾಗಿ ಸರಿಸಿ ಚಿತ್ರ ಹಿಡಿಯಬೇಕು, ಆದರೂ ಕೊನೆಗೆ ಪರದೆಯ ಮೇಲೆ ಅದು ನಗುವೇ ಆಗಬೇಕು. ಅದಕ್ಕೆ ನಗು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿದಿರಬೇಕು. ನನಗೆ ಮರೆತುಹೋಗಿತ್ತು. ಕನ್ನಡಿಯ ಮುಂದೆ ನಿಂತು ಪ್ರಯತ್ನಿಸಿದೆ. ಹಲ್ಲುನೋವಿನವಳ ಹಾಗೆ ಕಂಡೆ.

ಅತ್ತೆಯನ್ನು ಕೇಳಿದೆ.

"ನಿನ್ನೆ ಸಮಾರಾಧನಿ ಆಗೇದ. ಇವತ್ತ ನಗು ಅಂತೀಯಲ್ಲ, ವಾರಿಜಾ."

ಚಿತ್ರ ಅರ್ಧಕ್ಕೇ ನಿಲ್ಲುತ್ತದೆ ಎಂದೆ. ಅವರು ಯೋಚಿಸಿದರು. ಚಿತ್ರದ ಮುದುಕಿಗೆ ಮಗ ತಮ್ಮ ನಡಿಗೆಯನ್ನೇ ಕೊಟ್ಟಿದ್ದಾನೆ ಎಂಬ ಗುಮಾನಿ ಅವರಿಗೆ ಮೊದಲಿನಿಂದ ಇತ್ತು, ಅದು ಖರೆಯೂ ಆಗಿತ್ತು. ನಗು ಬಾರದಿದ್ದರೆ ಚಿತ್ರ ಎಲ್ಲಿಗೆ ಮುಗಿಯುತ್ತದೆ ಎಂದು ಕೇಳಿದರು. ಆನೆಯ ಆಸೆಗೆ ಎದೆಯ ಮೇಲೆ ಬೆರಳಿಟ್ಟುಕೊಂಡು ನಿಂತಲ್ಲಿಗೆ ಎಂದೆ.

"ಅಂದ್ರ ಲೋಕದಾಗ ನಾ ಆನಿಗೆ ಬಾಯಿಬಿಟ್ಟಾಕಿ ಅಂತ ಉಳೀತೀನೇನು?" ಎಂದು ಎದ್ದು ಬಂದು ಗೋಡೆಯ ಕಡೆ ತಿರುಗಿ ನಿಂತರು. ಸ್ವಲ್ಪ ಹೊತ್ತಿನ ಮೇಲೆ "ಹ್ಹ" ಎಂದರು. ಆಮೇಲೆ ಇನ್ನೊಂದು "ಹ್ಹ". ನಾನು ಹೆಗಲನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ.

ಪಕ್ಕದ ಮನೆಯ ಸುಂದರಾಬಾಯಿ ಓಡಿ ಬಂದರು. ಏನಾಯಿತು ಎಂದಾಗ ಅತ್ತೆ ಬಿಕ್ಕಳಿಕೆ ಎಂದುಬಿಟ್ಟರು. ಸುಂದರಾಬಾಯಿ ನೀರು ಕುಡಿಸಿದರು, ಉಸಿರು ಹಿಡಿಸಿದರು, ಬೆನ್ನಿಗೆ ಗುದ್ದಿದರು. ಅವರು ಮನೆಗೆ ಮುಟ್ಟುವಷ್ಟರಲ್ಲಿ ಗೋಡೆಯ ಈಚೆ ಮತ್ತೆ "ಹ್ಹ" ಶುರುವಾಗಿತ್ತು. ಮಧ್ಯಾಹ್ನದೊಳಗೆ ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಒಂದೊಂದು ಔಷಧ ಹಿಡಿದು ಬಂದರು. ಶುಂಠಿ, ಜೇನು, ನವಿಲುಗರಿಯ ಬೂದಿ. ಅತ್ತೆ ಸುಳ್ಳು ಹೇಳಿದ ತಪ್ಪಿಗೆ ಎಲ್ಲವನ್ನೂ ನುಂಗಿದರು. ಬಿಕ್ಕಳಿಕೆ ನಿಲ್ಲಲು ಬೆದರಿಸಬೇಕು ಎಂದು ಒಬ್ಬರು ಬಾಗಿಲ ಹಿಂದಿನಿಂದ ಹಾರಿದಾಗ, ಬೆದರಿ ಚೀರಿದ್ದು ಬೆದರಿಸಲು ಹೇಳಿಕೊಟ್ಟ ಸುಂದರಾಬಾಯಿಯೇ. ಅವರ ಕೈಯಲ್ಲಿದ್ದ ಜೇನು ಅತ್ತೆಯ ಬೋಳುತಲೆಯ ಮೇಲೆ ಬಿತ್ತು. ಅತ್ತೆ ಆ ದಿನ ಮೂರನೆಯ ಸಲ ಸ್ನಾನ ಮಾಡಿದರು.

ಸಂಜೆ ನಾವಿಬ್ಬರೂ ಅಟ್ಟದಲ್ಲಿ ಕೂತಿದ್ದಾಗ ಅವರೇ ಹೇಳಿದರು. "ವಾದಿರಾಜ ನಗೂದನ್ನ ನೆನಸ್ಕೋ. ಅವಂದು ಹೆಗಲಿನಿಂದ ಸುರು ಆಗ್ತಿತ್ತು."

ಅಲ್ಲ, ಹೊಟ್ಟೆಯಿಂದ ಎಂದೆ.

ಹೆತ್ತವಳು ನಾನು ಎಂದರು. ನಗುವಾಗ ಪಕ್ಕದಲ್ಲಿ ಇರುತ್ತಿದ್ದವಳು ನಾನು ಎಂದೆ. ತೊಟ್ಟಿಲಲ್ಲಿ ನಕ್ಕಾಗಲೂ ಹೆಗಲೇ ಮೊದಲು ಅಲುಗುತ್ತಿತ್ತು ಎಂದರು. ತೊಟ್ಟಿಲ ಮಕ್ಕಳಿಗೆ ಹೆಗಲೇ ಕಾಣುವುದಿಲ್ಲ ಎಂದೆ. ಇಬ್ಬರೂ ಸೋಲಲಿಲ್ಲ. ಕೊನೆಗೆ ಒಂದು ಚಿತ್ರಕ್ಕೆ ಹೆಗಲು, ಮುಂದಿನದಕ್ಕೆ ಹೊಟ್ಟೆ, ಮತ್ತೆ ಹೆಗಲು, ಮತ್ತೆ ಹೊಟ್ಟೆ ಎಂದು ತೀರ್ಮಾನವಾಯಿತು.

ನಮ್ಮವರು ಕಿಟಕಿಯ ಗಾಜನ್ನು ಅಡ್ಡ ಮಲಗಿಸಿ, ಕೆಳಗೆ ದೀಪ ಇಟ್ಟು, ಮೇಲೆ ಕ್ಯಾಮೆರಾ ಕಟ್ಟಿದ್ದರು. ಗಾಜಿನ ಮೇಲೆ ಮುದುಕಿ ಅಂಗಾತ. ಹೆಗಲು, ಹೊಟ್ಟೆ ಸರಿಸಿ ಗುಂಡಿ ಒತ್ತುವುದು ನನ್ನ ಕೆಲಸ. ಗದ್ದ ಅತ್ತೆಯದು. ಮಡಿಯಲ್ಲಿ ಚರ್ಮ ಮುಟ್ಟುವುದಿಲ್ಲವಲ್ಲ, ಅದಕ್ಕೆ ಅವರು ಅಡಿಗೆಮನೆಯಿಂದ ಇಕ್ಕಳ ತಂದಿದ್ದರು. ರೊಟ್ಟಿ ತಿರುವುವ ಕಬ್ಬಿಣದ ಇಕ್ಕಳ. ಅದರಿಂದ ಮುದುಕಿಯ ಗದ್ದ ಹಿಡಿದು ಒಂದಿಷ್ಟೇ ತೆರೆಯುವುದು, ಇಕ್ಕಳ ತೆಗೆಯುವುದು, ನಾನು ಒತ್ತುವುದು. ದೀಪ ಕಣ್ಣಿಗೆ ಹೊಡೆಯುವುದರಿಂದ ಒತ್ತುವಾಗ ಮುಖ ಆಚೆ ತಿರುಗಿಸಬೇಕು. ಇದು ನಮ್ಮವರಿಂದ ಬಂದ ಅಭ್ಯಾಸ. ದಸರೆಯ ಸಂಜೆಗಳೆಲ್ಲ ಹೀಗೇ ಹೋದವು. ಅತ್ತೆ ಒಮ್ಮೆಯೂ ಬೇಸರಿಸಲಿಲ್ಲ. ನಡುನಡುವೆ ಮುದುಕಿಗೆ, ಬಾಯಿ ತೆರಿಯವ್ವ, ಆನಿ ಬಂದದ ಎನ್ನುತ್ತಿದ್ದರು.

ಬೆಟಗೇರಿಯಲ್ಲಿ ಡೇರೆ ಸಿನಿಮಾ ನಡೆಸುವ ಬುಡ್ಡೇಸಾಬ ಹೊಸ ರೀಲು ತರಲು ಮುಂಬಯಿಗೆ ಹೋಗುತ್ತಿದ್ದ. ನಮ್ಮವರ ಫಿಲ್ಮನ್ನು ಅಲ್ಲಿ ತೊಳೆಸಿ ತರುತ್ತಿದ್ದವನೂ ಅವನೇ. ಈ ಸಲ ಅವನು ಹಿಂತಿರುಗಿದ್ದು ಅಕ್ಟೋಬರ್ ಕೊನೆಯ ದಿನ. ನೋಡಲು ಸಮಯವಿರಲಿಲ್ಲ. ಮರುದಿನ ಮುಂಡರಗಿಯಲ್ಲಿ ರಾಮವ್ವನ ಪರದೆಯ ಮೇಲೆಯೇ, ಅವಳ ಆಟಕ್ಕಿಂತ ಮೊದಲು ತೋರಿಸೋಣ, ಇಂಜಿನು ಯಂತ್ರ ಎಲ್ಲ ನಾನು ತರುತ್ತೇನೆ, ಮಾಸ್ತರರ ಚಿತ್ರವನ್ನು ಮಾಸ್ತರರ ಮುದುಕಿಯ ಮುಂದೆಯೇ ನೋಡಬೇಕು ಎಂದ. ಪರದೆಯ ಮೇಲೆ ಮುದುಕಿ ನಗುತ್ತಾಳೋ ಅಳುತ್ತಾಳೋ ಎಂದು ನನಗೇ ಗೊತ್ತಿರಲಿಲ್ಲ. ಅತ್ತರೆ ನಮ್ಮವರ ಒಂಬತ್ತು ವರ್ಷದ ಕೆಲಸ ಊರ ಮುಂದೆ ಅಳುವಿನಲ್ಲಿ ಮುಗಿಯುತ್ತದೆ. ಮತ್ತೆ ತೆಗೆಯಲು ಮುದುಕಿಯೂ ಇರುವುದಿಲ್ಲ.

ಎರಡು ತಿಂಗಳೂ ತುಂಬದ ವಿಧವೆ ಬಸ್ಸು ಹತ್ತಿ ಆಟ ನೋಡಲು ಹೋಗುತ್ತಾಳಂತೆ ಎಂದು ಓಣಿ ಪಿಸುಗುಟ್ಟಿತು. ಅತ್ತೆ ಸುಂದರಾಬಾಯಿಯ ಬಾಗಿಲಲ್ಲಿ ನಿಂತು, ಸತ್ತವನು ಎರವಲು ತಂದದ್ದು ತಿರುಗಿ ಮುಟ್ಟದಿದ್ದರೆ ಅವನಿಗೆ ಗತಿ ಉಂಟೇ ಎಂದು ಕೇಳಿದರು. ಜೊತೆಗೆ ತಾವೂ ಹೊರಟರು.

ಬಸ್ಸಿನಲ್ಲಿ ಮುದುಕಿಯನ್ನು ಚಾಪೆಯಲ್ಲಿ ಸುತ್ತಿ ನಾನು ಹಿಡಿದಿದ್ದೆ. ಮುಖ ಹೊರಗಿತ್ತು. ಕುಲುಕಿದಾಗ ಗದ್ದ ಹರಿಯಬಾರದೆಂದು ಅತ್ತೆ ಮುಂಡರಗಿಯ ತನಕ ಅದನ್ನು ಇಕ್ಕಳದಿಂದ ಹಿಡಿದು ಕೂತರು. ಕಂಡಕ್ಟರ್ ಎರಡು ಸಲ ಬಂದು ನೋಡಿ ಏನೂ ಕೇಳದೆ ಹೋದ. ಡಂಬಳ ಬಂದಾಗ ಅತ್ತೆ ಕಿಟಕಿಯಿಂದ ಬಾಗಿ, ಲಕ್ಷ್ಮೇಶ್ವರ ನೋಡುವ ಮೂಲೆ ಯಾವುದು ಎಂದು ಕೇಳಿದರು. ಅವರ ತವರು ಲಕ್ಷ್ಮೇಶ್ವರ. ಇದ್ದಷ್ಟು ಮೂಲೆಗಳಲ್ಲಿ ಯಾವುದೋ ಒಂದು ನೋಡುತ್ತಿರಬೇಕು ಎಂದೆ.

ಮುಂಡರಗಿಯಲ್ಲಿ ಓಣಿ ಓಣಿಗೂ ತೋರಣ. ಮಕ್ಕಳ ಮೆರವಣಿಗೆ, ಜಯಕಾರ. ನಾನು ಅದನ್ನೆಲ್ಲ ನೀರಿನೊಳಗಿಂದ ನೋಡಿದಂತೆ ನೋಡಿದೆ. ಹೊತ್ತು ಮುಳುಗುತ್ತಲೂ ರಾಮವ್ವನ ಬಿಳಿ ಪರದೆಯ ಮೇಲೆ ಬುಡ್ಡೇಸಾಬನ ಬೆಳಕು ಬಿತ್ತು. ಜನ ನಿಂತೇ ಮಾತಾಡುತ್ತಿದ್ದರು. ಪರದೆಯಲ್ಲಿ ಮುದುಕಿ ಸೊಂಟದ ಮೇಲೆ ಕೈಯಿಟ್ಟು ನಡೆದು ಬಂದಳು. ಅತ್ತೆಯದೇ ನಡಿಗೆ. ಜನ ಕೂತರು.

ಮೆಣಸಿನಕಾಯಿಗೆ ನಕ್ಕರು. ದಾರಕ್ಕೆ ನಕ್ಕರು. ಹಮ್ಮಿಗಿಯ ಹೆಸರು ಬಂದಾಗ ಆ ಊರಿನಿಂದ ಬಂದವರು ಸೊಸೆಯ ಪಕ್ಷ ಹಿಡಿದು ಕೂಗಿದರು. ಆನೆಗೆ ಬೆರಳು ತಿರುಗಿದಾಗ ಒಬ್ಬ ಮುದುಕ ರುಮಾಲು ಹಾರಿಸಿದ. ಆಮೇಲೆ ನಮ್ಮ ಭಾಗ ಬಂತು.

ಮುದುಕಿಯ ಹೆಗಲು ಅಲುಗಿತು. ಹೊಟ್ಟೆ ಅಲುಗಿತು. ಹೆಗಲು. ಹೊಟ್ಟೆ. ಜನ ಸುಮ್ಮನಾದರು. ನನ್ನ ಮುಂದೆ ಕೂತ ಹೆಂಗಸು ಪಕ್ಕದವಳಿಗೆ, "ಪಾಪ, ಅಳಾಕತ್ಯಾಳ ನೋಡ," ಎಂದಳು.

ನಾನು ತಲೆ ತಗ್ಗಿಸುವುದರಲ್ಲಿದ್ದೆ. ಆಗ ಪರದೆಯ ಮೂಲೆಯಿಂದ ತೆಂಗಿನ ಮರದಷ್ಟು ದೊಡ್ಡ ಇಕ್ಕಳವೊಂದು ಬಂದು ಮುದುಕಿಯ ಗದ್ದ ಚಿವುಟಿತು. ಮಾಯವಾಯಿತು. ಮತ್ತೆ ಬಂದು ಚಿವುಟಿತು. ಅತ್ತೆ ಕೆಲವು ಸಲ ಗದ್ದ ಬಿದ್ದೀತೆಂದು ಇಕ್ಕಳ ತೆಗೆಯದೆ ಹಿಡಿದೇ ಇದ್ದರು. ನಾನು ಆಚೆ ನೋಡುತ್ತ ಒತ್ತಿದ್ದೆ. ಪರದೆಯ ಮೇಲೆ ಯಾರೋ ದೇವಲೋಕದಿಂದ ಇಕ್ಕಳ ಇಳಿಬಿಟ್ಟು ಮುದುಕಿಗೆ ಕಚಗುಳಿ ಇಡುತ್ತಿದ್ದರು. ಅವಳು ತಡೆಯಲಾರದೆ ಹೆಗಲು ಹೊಟ್ಟೆ ಕುಣಿಸುತ್ತ ಬಾಯಿ ತೆರೆದು, ಇನ್ನೂ ತೆರೆದು ನಗುತ್ತಿದ್ದಳು. ಬಯಲೆಲ್ಲ ಹೋ ಎಂದು ಎದ್ದಿತು. ಪಾಪ ಎಂದವಳು ಪಕ್ಕದವಳ ಮಡಿಲಿಗೆ ಉರುಳಿದಳು.

ಅತ್ತೆ ನೆಟ್ಟಗೆ ಕೂತಿದ್ದರು. "ಅದು ನಮ್ಮ ಇಕ್ಕಳ," ಎಂದರು.

ನನ್ನ ಹೆಗಲು ಅಲುಗಿತು. ಆಮೇಲೆ ಹೊಟ್ಟೆ. ಹೆಗಲೇ ಮೊದಲು. ಅವರಿಗೆ ಅದನ್ನು ಹೇಳಲು ಬಾಯಿ ತೆರೆದೆ, ನಗುವೇ ಬಂತು. ಅವರು ನನ್ನ ಕಡೆ ನೋಡಿದರು, ಆಮೇಲೆ ಕೆಂಪು ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಸೆರಗು ಕುಣಿಯುತ್ತಿತ್ತು.

ಬುಡ್ಡೇಸಾಬ ಆ ಕೊನೆಯ ತುಂಡನ್ನು ಮತ್ತೆ ಮತ್ತೆ ಓಡಿಸಬೇಕಾಯಿತು. ಅಷ್ಟರಲ್ಲಿ ನಾವು ಪರದೆಯ ಹಿಂದೆ ಹೋದೆವು. ಆಟ ಶುರುವಾಗಬೇಕಿತ್ತು. ರಾಮವ್ವ ಕೋಲು ಹಿಡಿದು ಕಾಯುತ್ತಿದ್ದಳು. ನಾನು ಚಾಪೆ ಬಿಚ್ಚಿ ಮುದುಕಿಯನ್ನು ಅವಳೆದುರು ಹಿಡಿದೆ. ಹೊರಗೆ ಜನ ಇಕ್ಕಳ, ಇಕ್ಕಳ ಎಂದು ಕೂಗುತ್ತಿದ್ದರು.

ಎರವಲು ತಂದ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡುವುದು ನಮ್ಮಲ್ಲಿ ಇಲ್ಲ. ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಗೊಂಬೆಗೆ ಏನು ಹಾಕಿ ಕೊಡುವುದು ಎಂದು ನಾನು ಗದಗಿನಿಂದ ಯೋಚಿಸುತ್ತ ಬಂದಿದ್ದೆ. ಅತ್ತೆ ಇಕ್ಕಳವನ್ನು ಮುದುಕಿಯ ಮೇಲೆ ಅಡ್ಡ ಇಟ್ಟರು.

"ಮನ್ಯಾಗ ರೊಟ್ಟಿ ಹ್ಯಾಂಗ ತಿರುವತೀರಿ, ಅವ್ವಾರ?" ಎಂದಳು ರಾಮವ್ವ.

"ಕೈ ಅದಾವಲ್ಲ."

ಗದ್ದ ತೂಗುತ್ತಿತ್ತು. ಅತ್ತೆ ಅದನ್ನು ಬೊಗಸೆಯಲ್ಲಿ ಹಿಡಿದರು. ನಾನು ಹೆಗಲು ಹಿಡಿದಿದ್ದೆ. ಹಾಗೇ ಇಬ್ಬರೂ ಸೇರಿ ಮುದುಕಿಯನ್ನು ರಾಮವ್ವನ ಕೈಗೆ ಕೊಟ್ಟೆವು.